ಒಂದೇ ಅಳತೆಯ ಹನ್ನೆರಡು ಚೌಕ

ಚಿಕ್ಕಮ್ಮನ ಅಡುಗೆಮನೆಯ ಕಪಾಟಿನಲ್ಲಿ ಹನ್ನೆರಡು ಗಾಜಿನ ಭರಣಿಗಳಿವೆ. ಮೂರು ಸಾಲು, ಸಾಲಿಗೆ ನಾಲ್ಕು. ಎಲ್ಲವೂ ಒಂದೇ ಗಾತ್ರ. ಸಕ್ಕರೆಗೂ ಅಷ್ಟು ದೊಡ್ಡದು, ಲವಂಗಕ್ಕೂ ಅಷ್ಟು ದೊಡ್ಡದು. ತಳದಲ್ಲಿ ಹತ್ತಿಪ್ಪತ್ತು ಲವಂಗ ಬಿದ್ದುಕೊಂಡಿರುವ ಆ ಭರಣಿಯನ್ನು ನೋಡಿ ನಾನು ಚಿಕ್ಕವಳಿದ್ದಾಗ ನಗುತ್ತಿದ್ದೆ.

"ಇದಕ್ಕೊಂದು ಪುಟ್ಟ ಡಬ್ಬಿ ಸಾಕಲ್ವಾ ಚಿಕ್ಕಮ್ಮ?"

"ಪುಟ್ಟದಕ್ಕೆ ಹಾಕಿದ್ರೆ ತುಂಬಿದ ಹಾಗೆ ಕಾಣುತ್ತೆ. ಆಮೇಲೆ ತರೋದು ಮರೆತೇ ಹೋಗುತ್ತೆ. ಸಾಮಾನು ತರೋಳು ನಾನಾ ನೀನಾ?"

ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಅಪ್ಪನದು ತಿಂಗಳಲ್ಲಿ ಇಪ್ಪತ್ತು ದಿನ ಊರೂರು ತಿರುಗುವ ಕೆಲಸ. ಅಮ್ಮನ ತಂಗಿ, ಅಂದರೆ ನನ್ನ ಚಿಕ್ಕಮ್ಮ, ಮಕ್ಕಳ ಆಸ್ಪತ್ರೆಯಲ್ಲಿ ಅಂಕಿಅಂಶ ಸಹಾಯಕಿ. ನನ್ನನ್ನೂ ನನ್ನ ಎರಡು ಚೀಲಗಳನ್ನೂ ಮೂರನೇ ಮಹಡಿಯಲ್ಲಿದ್ದ ತನ್ನ ಎರಡು ಕೋಣೆಯ ಮನೆಗೆ ಕರೆದುಕೊಂಡು ಹೋದವಳು ಅವಳು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ: "ಪುರುಸೊತ್ತಾಗಲಿಲ್ಲ." ಕೇಳಿದವರು ನಗುತ್ತಿದ್ದರು. ನನಗೆ ಮಾತ್ರ ಒಳಗೊಳಗೇ ಅಳುಕು. ಆ ಪುರುಸೊತ್ತನ್ನು ತಿಂದವಳು ನಾನೇ ಇರಬೇಕು ಎಂದು.

ನಾನು ಮೊದಲಿನಿಂದಲೂ ಹೆದರುಪುಕ್ಕಲಿ. ಬೀಗ ಹಾಕಿ ಬೀದಿಗಿಳಿದ ಮೇಲೂ ಗ್ಯಾಸ್ ಆರಿಸಿದ್ದೀನೋ ಇಲ್ಲವೋ ಎಂದು ಮೂರು ಮಹಡಿ ಹತ್ತಿ ಹೋಗಿ ನೋಡುವವಳು. ಚಿಕ್ಕಮ್ಮ ಅದಕ್ಕೆ ತದ್ವಿರುದ್ಧ. ಒಂದು ಸಲ ಅಳೆದದ್ದನ್ನು ಬರೆದಿಟ್ಟುಬಿಟ್ಟರೆ ಅವಳಿಗೆ ಭಯವೇ ಇಲ್ಲ. ನಾನು ಐದನೇ ತರಗತಿಯಲ್ಲಿದ್ದಾಗ ನನ್ನ ಅಂಕಗಳನ್ನು ಅಡುಗೆಮನೆಯ ಗೋಡೆಗೆ ಏರಿಸಿದಳು. ಆರು ವಿಷಯಕ್ಕೆ ಆರು ಚೌಕ, ಪ್ರತಿ ಚೌಕದ ಎಡಗಡೆ ಸೊನ್ನೆಯಿಂದ ನೂರು. ಭಾಷೆಯ ಗೆರೆ ಚೌಕದ ಸೂರಿಗೆ ತಾಗುವಂತಿತ್ತು. ಗಣಿತದ್ದು ನೆಲಕ್ಕಂಟಿಕೊಂಡು ತೆವಳುತ್ತಿತ್ತು. ನನಗೆ ಅಳು ಬಂತು.

"ಗಣಿತದ ಚೌಕಕ್ಕೆ ನಲವತ್ತರವರೆಗೆ ಮಾತ್ರ ಇಟ್ಟುಬಿಡು. ಆಗ ನಂದೂ ಮೇಲೆ ಹೋಗುತ್ತೆ," ಎಂದು ಗೋಗರೆದೆ.

"ಇದು ನಿನ್ನನ್ನ ಬೈಯೋಕೆ ಹಾಕಿದ್ದಲ್ಲ, ನೋಡೋಕೆ ಹಾಕಿದ್ದು. ಬಾ, ಪುಸ್ತಕ ತೆಗಿ," ಎಂದಳು.

ಇಪ್ಪತ್ತೆರಡು ವರ್ಷ ಅವಳು ಆಸ್ಪತ್ರೆಯ ಗ್ರಾಫ್‌ಗಳನ್ನು ಕೈಯಲ್ಲೇ ಬರೆದಳು. ತೂಕ ಕಡಿಮೆ ಇದ್ದು ಹುಟ್ಟಿದ ಮಕ್ಕಳು ಚಿಕ್ಕ ಮಕ್ಕಳ ವಾರ್ಡಿನಿಂದ ಮನೆಗೆ ಹೋದ ಮೇಲೆ ಪ್ರತಿ ಗುರುವಾರ ತೂಕಕ್ಕೆ ಬರಬೇಕು. ಹನ್ನೆರಡು ಮಕ್ಕಳದು ಒಂದು ತಂಡ. ಹನ್ನೆರಡು ಚೌಕ ಒಂದು ಹಾಳೆಯಲ್ಲಿ. ನಾಲ್ಕು ವಾರದ ತೂಕ ಸಿಕ್ಕಿದ ಮೇಲೆ ಹಾಳೆ ತೂಕದ ಕೋಣೆಯ ಹೊರಗಿನ ಗೋಡೆಗೆ ಬರುತ್ತದೆ. ಆಮೇಲೆ ವಾರವಾರವೂ ಹೊಸದು. ಬೇರೆ ರೋಗಿಗಳೂ ಸೇರಿ ಅರವತ್ತು ಎಪ್ಪತ್ತು ಮಕ್ಕಳ ಸಾಲು ನಿಂತಿರುವಾಗ ಡಾಕ್ಟರಿಗೆ ಪ್ರತಿ ಮಗುವಿನ ತೂಕದ ಪುಸ್ತಕ ತೆರೆದು ಹಿಂದಿನ ತೂಕ ಕಳೆಯಲು ಎಲ್ಲಿ ಹೊತ್ತು? ಹೋಗುತ್ತಾ ಬರುತ್ತಾ ಗೋಡೆಯತ್ತ ಕಣ್ಣು ಹಾಯಿಸುತ್ತಾರೆ, ಅಷ್ಟೇ.

ಅವಳಿಗೆ ನಲವತ್ತೇಳು ಆದ ವರ್ಷ ಅಂಕಿಅಂಶದ ಸಾಫ್ಟ್‌ವೇರ್ ಬಂತು. ಕಲಿಸಲು ಬಂದವನು ಮೂರು ದಿನ ಇದ್ದು ಹೋದ. ಉಳಿದದ್ದನ್ನೆಲ್ಲ ಅವಳು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕಲಿತಳು. ಒಂದು ಹಾಳೆಯಲ್ಲಿ ಎಷ್ಟು ಸಾಲು, ಎಷ್ಟು ಕಾಲಂ ಎಂದು ಮೊದಲೇ ಹೇಳಿಬಿಡಬೇಕು. ಆಮೇಲೆ ಒಂದೊಂದೇ ಗ್ರಾಫ್ ಬರೆಸುತ್ತ ಹೋದರೆ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ತಾವಾಗಿ ಕೂರುತ್ತವೆ. ಮೊದಲ ದಿನ ಹನ್ನೆರಡನ್ನೂ ಒಟ್ಟಿಗೆ ಕೂರಿಸಲು ಹೋದಾಗ ಅಂಚಿಗೆ ಬಿಟ್ಟ ಜಾಗ ಹೆಚ್ಚಾಯಿತು, ಚಿತ್ರಕ್ಕೆ ಜಾಗವಿಲ್ಲ ಎಂದು ಯಂತ್ರ ತಕರಾರು ತೆಗೆಯಿತಂತೆ. ಮನೆಗೆ ಬಂದು ಹೇಳಿಕೊಂಡು ನಕ್ಕಿದ್ದೇ ನಕ್ಕಿದ್ದು. "ನಮ್ಮನೆ ಬಚ್ಚಲಿನ ಹಾಗೆ ಅದೂ. ಗೋಡೆ ದಪ್ಪ, ಒಳಗೆ ನಿಲ್ಲೋಕೆ ಜಾಗ ಇಲ್ಲ!" ಅವಳು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ನೋಡಿದ್ದು ಅದೇ ಕೊನೆ. ಮರುವರ್ಷದಿಂದ ಅವಳು ಯಾಕೋ ಮಂಕಾದಳು. ನಾನು ಆಗ ಕಾಲೇಜಿನಲ್ಲಿದ್ದೆ, ನನ್ನದೇ ಲೋಕದಲ್ಲಿ. ವಯಸ್ಸಾಯಿತು ಅಂದುಕೊಂಡು ಸುಮ್ಮನಾದೆ.

ಹತ್ತು ಹನ್ನೆರಡು ವರ್ಷ ಕಳೆದು, ನನಗೆ ಮದುವೆಯಾಗಿ, ನನ್ನ ಮಗಳು ಏಳೂವರೆ ತಿಂಗಳಿಗೇ ಹುಟ್ಟಿದಳು. ನನ್ನ ಎರಡು ಅಂಗೈ ಜೋಡಿಸಿದರೆ ಅದರಲ್ಲಿ ಹಿಡಿಸುವಷ್ಟು. ಚಿಕ್ಕಮ್ಮ ತನ್ನ ಆಸ್ಪತ್ರೆಯ ವಾರ್ಡಿನಲ್ಲಿ ಅವಳನ್ನಿಟ್ಟಿದ್ದ ಬೆಚ್ಚಗಿನ ಗಾಜಿನ ಪೆಟ್ಟಿಗೆಯತ್ತ ಬಗ್ಗಿ ನೋಡಿ "ಗುಬ್ಬಿ" ಎಂದಳು. ಅದೇ ಉಳಿಯಿತು. ಮನೆಗೆ ಕಳಿಸುವಾಗ ಸಾವಿರದ ಒಂಬೈನೂರು ಗ್ರಾಂ. ಎರಡು ದಿನ ಮೊದಲು ಅದೇ ವಾರ್ಡಿನಿಂದ ಮನೆಗೆ ಹೋಗಿದ್ದ ಮಗುವೊಂದು ಗುಬ್ಬಿಗಿಂತ ಹಗುರ ಇತ್ತಂತೆ. ಅದನ್ನು ಕೇಳಿ ಸಮಾಧಾನಪಟ್ಟುಕೊಂಡ ನನ್ನ ಮೇಲೇ ನನಗೆ ಅಸಹ್ಯವಾಯಿತು.

ಅಲ್ಲಿಂದ ನನ್ನ ದಿನಗಳೆಲ್ಲ ಗುರುವಾರದ ಸುತ್ತಲೇ. ಗುಬ್ಬಿ ಹಾಲು ಕುಡಿಯಲು ಶುರುಮಾಡಿ ಐದು ನಿಮಿಷಕ್ಕೆ ಬೆವರುತ್ತಿದ್ದಳು, ನಿದ್ದೆ ಹೋಗುತ್ತಿದ್ದಳು. ಅತ್ತೆ, "ಸಮಾಧಾನದ ಮಗು, ಕಾಟವೇ ಇಲ್ಲ," ಎನ್ನುತ್ತಿದ್ದರು. ಗಂಡ, "ನೀನು ಎಲ್ಲದಕ್ಕೂ ಹೆದರ್ತೀಯ. ತೂಕ ಏರ್ತಿದೆ ತಾನೇ?" ಎನ್ನುತ್ತಿದ್ದರು. ಹೌದು, ಏರುತ್ತಿತ್ತು. ಮೊದಲ ಗುರುವಾರ ಮೂವತ್ತು ಗ್ರಾಂ, ಎರಡನೆಯದಕ್ಕೆ ಇಪ್ಪತ್ತು, ಮೂರನೆಯದಕ್ಕೆ ಮತ್ತೆ ಮೂವತ್ತು, ನಾಲ್ಕನೆಯದಕ್ಕೆ ಇಪ್ಪತ್ತು. ತೂಕದ ಸಿಸ್ಟರ್ ಪ್ರತಿ ಸಲ ತಲೆ ಎತ್ತದೆಯೇ "ಜಾಸ್ತಿಯಾಗಿದೆ, ಮುಂದಿನವರು ಬನ್ನಿ" ಎನ್ನುತ್ತಿದ್ದರು. ಆ "ಜಾಸ್ತಿಯಾಗಿದೆ" ಎಂಬ ಒಂದು ಮಾತನ್ನು ನಾನು ವಾರವಿಡೀ ನೆನೆನೆನೆದು ಬದುಕುತ್ತಿದ್ದೆ.

ನಾಲ್ಕನೇ ಗುರುವಾರ ನಮ್ಮ ತಂಡದ ಹಾಳೆ ಗೋಡೆಗೆ ಬಂತು. ತಾಯಂದಿರೆಲ್ಲ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಮುಗಿಬಿದ್ದರು. ಗುಬ್ಬಿಯದು ಎರಡನೇ ಸಾಲಿನ ಎರಡನೆಯದು, ಆರನೇ ಚೌಕ. ಹನ್ನೊಂದು ಚೌಕಗಳಲ್ಲಿ ಗೆರೆಗಳು ಮೇಲಕ್ಕೆ ವಾಲಿದ್ದವು, ಕೆಲವು ಚುರುಕಾಗಿ, ಕೆಲವು ನಿಧಾನಕ್ಕೆ. ಆರನೆಯದರಲ್ಲಿ ಚೌಕದ ತಳಕ್ಕೆ ಹತ್ತಿರದಲ್ಲಿ ದಾರದ ತುಂಡು ಬಿದ್ದಂತೆ ಒಂದು ಅಡ್ಡಗೆರೆ. ಅದರ ಮೇಲೆಲ್ಲ ಖಾಲಿ.

"ಅಯ್ಯೋ, ಇದು ಯಾರದಪ್ಪ, ಮಲಗಿಬಿಟ್ಟಿದೆ!" ಎಂದು ನಾಲ್ಕನೇ ಚೌಕದ ತಾಯಿ ನಕ್ಕಳು. ಜೋರು ಬಾಯಿಯ ಹೆಂಗಸು, ಕೆಟ್ಟವಳಲ್ಲ. ನನ್ನ ಮುಖ ನೋಡಿದ ಮೇಲೆ ನಗು ನುಂಗಿಕೊಂಡಳು. "ನಿಮ್ದಾ ಅಕ್ಕಾ? ಏನಾಗಲ್ಲ ಬಿಡಿ. ಪ್ರಿಂಟ್ ಸರಿ ಬಂದಿಲ್ಲ ಅನ್ಸುತ್ತೆ."

ನಾನು ಗುಬ್ಬಿಯನ್ನು ಎತ್ತಿಕೊಂಡು ನೇರ ಎರಡನೇ ಮಹಡಿಗೆ ಹೋದೆ. ಅಂಕಿಅಂಶ ವಿಭಾಗ ಅಂದರೆ ಕಿಟಕಿಯಿಲ್ಲದ ಒಂದು ಕೋಣೆ, ಎರಡು ಕಂಪ್ಯೂಟರ್, ಒಂದು ಪ್ರಿಂಟರ್. ಚಿಕ್ಕಮ್ಮ ಊಟದ ಡಬ್ಬಿ ಬಿಚ್ಚುತ್ತಿದ್ದಳು.

"ಬಾ, ಊಟ ಮಾಡು," ಎಂದಳು.

"ಚಿಕ್ಕಮ್ಮ, ಅದೇನು ಹಾಳೆ ಅದು? ನನ್ನ ಮಗಳನ್ನ ಇರುವೆ ಥರ ತಳದಲ್ಲಿ ಹಾಕಿದ್ದೀಯಲ್ಲ?"

"ನಾನು ಹಾಕಿಲ್ಲ. ಅವಳು ಇರೋದೇ ಅಲ್ಲಿ." ಡಬ್ಬಿ ಬದಿಗಿಟ್ಟು ಮಗುವಿಗೆ ಕೈ ಚಾಚಿದಳು. ನಾನು ಕೊಡಲಿಲ್ಲ. "ನಾನೇ ನಿನಗೆ ಫೋನ್ ಮಾಡೋಣ ಅಂತಿದ್ದೆ. ಚಿಕ್ಕ ಡಾಕ್ಟರಿಗೆ ತೋರಿಸು. ಇವತ್ತೇ."

"ಜಾಸ್ತಿಯಾಗಿದೆ ಅಂದ್ರು ಸಿಸ್ಟರ್! ನಾಲ್ಕು ವಾರಕ್ಕೆ ನೂರು ಗ್ರಾಂ. ನೀನು ಎಲ್ಲಾ ಚೌಕಕ್ಕೂ ಸಾವಿರದಿಂದ ಐದು ಸಾವಿರ ಇಟ್ಟಿದ್ದೀಯ, ನಾನೂ ಓದಿದ್ದೀನಿ, ನನಗೂ ಗೊತ್ತಾಗುತ್ತೆ. ಆ ಎರಡು ಅಂಕಿ ತೆಗೆದುಬಿಟ್ರೆ ಪ್ರತಿ ಮಗುಗೂ ಅದರದೇ ಅಳತೆ ಬರುತ್ತೆ. ಆಗ ಇವಳದೂ ಚೆನ್ನಾಗೇ ಏರುತ್ತೆ."

"ಏರುತ್ತೆ," ಎಂದಳು ಚಿಕ್ಕಮ್ಮ. "ಅದಕ್ಕೇ ತೆಗೆಯಲ್ಲ."

"ಕೆಳಗೆ ಎಲ್ರೂ ನಗ್ತಿದ್ದಾರೆ."

"ನಗಲಿ. ನೀನು ಡಾಕ್ಟರ ಹತ್ರ ಹೋಗು."

ಆಮೇಲೆ ನನ್ನ ಬಾಯಿಂದ ಬಂದದ್ದನ್ನು ಬರೆಯಲೇಬೇಕು. "ನಿನಗೊಂದು ಮಗು ಇದ್ದಿದ್ರೆ ಗೊತ್ತಾಗ್ತಿತ್ತು," ಎಂದೆ.

ಚಿಕ್ಕಮ್ಮ ಡಬ್ಬಿಯ ಮುಚ್ಚಳ ಹಾಕಿದಳು. ಊಟ ಶುರುವೇ ಮಾಡಿರಲಿಲ್ಲ.

ಡಾಕ್ಟರಿಗೆ ತೋರಿಸದೆಯೇ ಕೆಳಗಿಳಿದೆ. ಹೊರಬಾಗಿಲ ಪಕ್ಕ ಸಲಹೆ ಪೆಟ್ಟಿಗೆ ಇದೆ. ಜೊತೆಗೆ ದಾರ ಕಟ್ಟಿದ ಪೆನ್ನು, ಚೀಟಿಗಳ ಕಟ್ಟು. ಮಗುವನ್ನು ಒಂದು ತೋಳಲ್ಲಿ ಹಿಡಿದು ಬರೆದೆ. "ಗೋಡೆಯ ಮೇಲಿನ ಗ್ರಾಫ್ ನೋಡಿ ತಾಯಂದಿರ ಎದೆ ಒಡೆಯುತ್ತಿದೆ. ಇದನ್ನು ಮಾಡುವವರಿಗೆ ತಾಯಿಯ ಕಷ್ಟ ಗೊತ್ತಿಲ್ಲ. ಪ್ರತಿ ಮಗುವಿಗೂ ಅದರದೇ ಅಳತೆ ಇಡಬೇಕು. ಇಂತಿ, ಒಬ್ಬ ತಾಯಿ." ಮಡಚಿ ಒಳಗೆ ಹಾಕಿದೆ. ಬಸ್ಸಿನಲ್ಲಿ ಕೂತಾಗ ಎದೆ ಹಗುರವಾಗಿತ್ತು. ಅದೊಂದು ವಾರ ನಾನು ಚಿಕ್ಕಮ್ಮನಿಗೆ ಫೋನ್ ಮಾಡಲಿಲ್ಲ. ಅವಳು ದಿನಾ ಮಾಡಿದಳು. "ತೋರಿಸಿದೆಯಾ?" ಎಂದು ಕೇಳಲಿಕ್ಕೆ ಮಾಡುತ್ತಿದ್ದಾಳೆಂದು ಗೊತ್ತಿದ್ದೇ ನಾನು ಎತ್ತಲಿಲ್ಲ.

ಐದನೇ ಗುರುವಾರ ಹತ್ತೇ ಗ್ರಾಂ. ಹೊಸ ಹಾಳೆ ಮಾಮೂಲಿ ಗೋಡೆಯ ಮೇಲಿರಲಿಲ್ಲ. ಡಾಕ್ಟರ ಕೋಣೆಯ ಬಾಗಿಲಿಗೇ ಅಂಟಿಸಿತ್ತು, ತಳ್ಳಿ ಒಳಹೋಗುವವರ ಕಣ್ಣಿಗೆ ನೇರ. ಯಾರ ಕೆಲಸ ಎಂದು ಕೇಳಬೇಕಾಗಿರಲಿಲ್ಲ. ಅಂಟಿನ ಪಟ್ಟಿಯ ನಾಲ್ಕು ತುಂಡುಗಳೂ ಅಳೆದು ಕತ್ತರಿಸಿದಂತೆ ಒಂದೇ ಉದ್ದ ಇದ್ದವು. ನಾವು ಚಿಕ್ಕ ಡಾಕ್ಟರು ಎಂದು ಕರೆಯುವ ಹುಡುಗಮುಖದ ಡಾಕ್ಟರು ಬಂದು, ಬಾಗಿಲು ತಳ್ಳಲು ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿದರು.

"ಆರನೇದು ಯಾರು?"

ನಾನು ಎದ್ದು ನಿಂತೆ.

"ಹಾಲು ಕುಡಿಯುವಾಗ ಬೆವರ್ತಾಳಾ?"

ಅವರು ಗುಬ್ಬಿಯ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಮಧ್ಯಾಹ್ನದ ಹೊತ್ತಿಗೆ ಸ್ಕ್ಯಾನ್ ಆಯಿತು. ಹೃದಯದಲ್ಲಿ ತೂತು. ಉಸಿರಾಡುವುದಕ್ಕೇ ಅವಳ ಶಕ್ತಿಯೆಲ್ಲ ಹೋಗುತ್ತಿತ್ತು, ಬೆಳೆಯಲು ಏನೂ ಉಳಿಯುತ್ತಿರಲಿಲ್ಲ. ಸಮಾಧಾನದ ಮಗು ಅಂದುಕೊಂಡಿದ್ದೆವು. ಅಳುವುದಕ್ಕೂ ಅವಳಿಗೆ ಆಯಾಸವಾಗುತ್ತಿತ್ತು. ಇನ್ನು ಎರಡು ವಾರ ಬಿಟ್ಟು ಬಂದಿದ್ದರೆ ಏನೂ ಹೇಳಲಾಗುತ್ತಿರಲಿಲ್ಲ ಎಂದರು ಡಾಕ್ಟರು. ಅವತ್ತೇ ಸೇರಿಸಿಕೊಂಡರು.

ಮೂರು ವಾರ ವಾರ್ಡಿನಲ್ಲಿದ್ದೆವು. ಮೂಗಿನ ಕೊಳವೆಯಲ್ಲಿ ಹಾಲು, ದಿನಕ್ಕೆ ಮೂರು ಹೊತ್ತು ಔಷಧಿ. ಚಿಕ್ಕಮ್ಮ ದಿನಾ ಊಟದ ಹೊತ್ತಿಗೆ ಬಂದು ಹದಿನೈದು ನಿಮಿಷ ಕೂತು ಹೋಗುತ್ತಿದ್ದಳು. ನಾನಾಡಿದ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎರಡನೇ ವಾರದ ಕೊನೆಗೆ ಅವಳ ರವಿಕೆಯ ತೋಳಿನ ಮೇಲೆ ಬೂದುಬಣ್ಣದ ಧೂಳು ಕಂಡೆ.

"ಎಲ್ಲಿ ಓಡಾಡಿ ಬಂದೆ?"

"ಒರೆಸ್ತಿದ್ದೆ," ಎಂದಳು. ಏನನ್ನು ಎಂದು ನಾನು ಕೇಳಲಿಲ್ಲ. ಅವತ್ತು ಗುಬ್ಬಿ ಮೊದಲ ಸಲ ಜೋರಾಗಿ ಅತ್ತಿದ್ದಳು, ನನಗೆ ಬೇರೆ ಯಾವುದೂ ಕಿವಿಗೆ ಬೀಳುವಂತಿರಲಿಲ್ಲ.

ಎಂಟನೇ ಗುರುವಾರ. ವಾರ್ಡಿನಲ್ಲೇ ತೂಕ ಮಾಡಿದರು. ಒಂದೇ ವಾರಕ್ಕೆ ನೂರಾ ಹತ್ತು ಗ್ರಾಂ! ಮಗುವನ್ನು ಅತ್ತೆಯ ಕೈಗೆ ಕೊಟ್ಟು ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದೆ. ಚಿಕ್ಕಮ್ಮನ ಕುರ್ಚಿಯಲ್ಲಿ ಕನ್ನಡಕದ ಹುಡುಗಿಯೊಬ್ಬಳು ಕೂತಿದ್ದಳು.

"ಅವರಾ? ಅವರನ್ನ ಹಳೇ ದಾಖಲೆ ಕೋಣೆಗೆ ಹಾಕಿದ್ರಲ್ಲ. ಹತ್ತು ದಿನ ಆಯ್ತು," ಎಂದಳು. ಮೆದುಮಾತಿನ ಹುಡುಗಿ. "ಯಾರೋ ತಾಯಿ ಕಂಪ್ಲೇಂಟ್ ಬರೆದಿದ್ರಂತೆ, ಗ್ರಾಫ್ ನೋಡಿ ಹೆದರಿಕೆಯಾಗುತ್ತೆ ಅಂತ. ದೊಡ್ಡ ಡಾಕ್ಟ್ರು ಎಲ್ಲಾ ಚೌಕಕ್ಕೂ ಅದರದೇ ಅಳತೆ ಇಡಿ ಅಂದ್ರು. ಇವರು ಮಾಡಲ್ಲ ಅಂತ ಬರೆದುಕೊಟ್ರು. ಇನ್ನು ಐದು ತಿಂಗಳಿಗೆ ರಿಟೈರು, ಸುಮ್ನೆ ಮಾಡಬಹುದಿತ್ತು ಅಲ್ವಾ? ಎರಡು ಅಂಕಿ ಅಳಿಸೋ ಕೆಲಸ."

ಆಸ್ಪತ್ರೆಯ ಮುಖ್ಯಸ್ಥರಾದ ದೊಡ್ಡ ಡಾಕ್ಟರನ್ನು ಬೈಯಲೂ ನನಗೆ ಬಾಯಿಲ್ಲ. ಚಪ್ಪಟೆ ಗೆರೆ ನೋಡಿ ಹೆದರಿದ ತಾಯಂದಿರು ಬರುವುದನ್ನೇ ಬಿಟ್ಟುಬಿಡುತ್ತಾರೆ ಎಂಬುದು ಅವರ ಚಿಂತೆ. ಹಾಗೆ ಇಬ್ಬರು ಬಿಟ್ಟದ್ದೂ ಉಂಟಂತೆ. ನನ್ನ ಚೀಟಿ ಅವರ ಕೈಗೆ ಸರಿಯಾದ ಹೊತ್ತಿಗೆ ಸಿಕ್ಕಿತ್ತು.

ಕೆಳಗೆ ಗೋಡೆಯ ಮುಂದೆ ಬಂದು ನಿಂತೆ. ಈಗ ಎರಡು ಹಾಳೆ, ನಮ್ಮ ತಂಡದ್ದು ಒಂದು, ನಮ್ಮ ನಂತರ ಬಂದ ಹೊಸ ತಂಡದ್ದು ಒಂದು. ಬಣ್ಣಬಣ್ಣದ ಗೆರೆಗಳು. ಇಪ್ಪತ್ನಾಲ್ಕು ಚೌಕ, ಇಪ್ಪತ್ನಾಲ್ಕರಲ್ಲೂ ಗೆರೆ ಎಡಗಡೆಯ ಕೆಳಮೂಲೆಯಿಂದ ಬಲಗಡೆಗೆ ಏರಿದೆ. ನಾನು ಬಯಸಿದ್ದು ಇದನ್ನೇ. ನಾನು ಒಂದೊಂದೇ ಚೌಕದ ಎಡಗಡೆಯ ಸಣ್ಣ ಅಂಕಿಗಳನ್ನು ಓದತೊಡಗಿದೆ, ಗ್ಯಾಸಿನ ತಿರುಗಣೆ ನೋಡುವವಳ ಹಾಗೆ. ಹೊಸ ತಂಡದ ಮೂರನೇ ಸಾಲಿನ ಮೊದಲನೆಯದು, ಒಂಬತ್ತನೇ ಚೌಕ. ಕಿತ್ತಳೆ ಬಣ್ಣದ ಗೆರೆ ಏಣಿಯ ಹಾಗೆ ನೆಟ್ಟಗೆ ಹತ್ತಿತ್ತು. ಕೆಳಗಿನ ಅಂಕಿ ಎರಡು ಸಾವಿರದ ಐವತ್ತು. ಮೇಲಿನದು ಎರಡು ಸಾವಿರದ ನೂರಾ ಇಪ್ಪತ್ತು. ನಾಲ್ಕು ವಾರಕ್ಕೆ ಎಪ್ಪತ್ತು ಗ್ರಾಂ. ಗುಬ್ಬಿಯದಕ್ಕಿಂತ ಕಡಿಮೆ.

ನನ್ನ ಪಕ್ಕದಲ್ಲಿ ಹುಡುಗಿಯಂಥ ತಾಯಿಯೊಬ್ಬಳು ಫೋನಿನಲ್ಲಿ ಅದೇ ಚೌಕದ ಫೋಟೋ ತೆಗೆಯುತ್ತಿದ್ದಳು. ಮಗು ಅವಳ ಎದೆಗೆ ಕಟ್ಟಿದ ಬಟ್ಟೆಯೊಳಗೆ, ಸದ್ದಿಲ್ಲ.

"ಒಂಬತ್ತನೇದು ನಿಮ್ದಾ?"

"ಹೂಂ ಅಕ್ಕ. ಎಷ್ಟು ಚೆನ್ನಾಗಿ ಹತ್ತಿದೆ ನೋಡಿ! ನಮ್ಮ ಮನೆಯವರಿಗೆ ಕಳಿಸ್ತೀನಿ. ಎರಡು ಬಸ್ಸು ಬದಲಾಯಿಸಿ ಯಾಕೆ ಹೋಗ್ತೀಯ, ಯಾಕೆ ಹೋಗ್ತೀಯ ಅಂತ ತಲೆ ತಿಂತಾರೆ."

"ಎಡಗಡೆ ಅಂಕಿ ನೋಡಿ ಒಂದ್ಸಲ. ಬರೀ ಎಪ್ಪತ್ತು ಗ್ರಾಂ. ಚಿಕ್ಕ ಡಾಕ್ಟರಿಗೆ ತೋರಿಸಿ, ಇವತ್ತೇ ತೋರಿಸಿ. ನನ್ನ ಮಗಳಿಗೂ ಹೀಗೇ…"

ಅವಳ ಮುಖ ಬಿಗಿದುಕೊಂಡಿತು. ಆ ಮುಖ ನನಗೆ ಗೊತ್ತು. ನಾಲ್ಕು ವಾರದ ಹಿಂದೆ ಎರಡನೇ ಮಹಡಿಯಲ್ಲಿ ಅದು ನನ್ನ ಮುಖವಾಗಿತ್ತು.

"ಸಿಸ್ಟರ್ ಜಾಸ್ತಿಯಾಗಿದೆ ಅಂದ್ರು. ಗೋಡೆ ಮೇಲೂ ಅದೇ ಇದೆ," ಎಂದಳು. "ನಿಮ್ಮ ಮಗುಗೆ ಹುಷಾರಿಲ್ಲ ಅಂತ ಎಲ್ಲರ ಮಗುಗೂ ಹಾಗೇ ಆಗ್ಬೇಕಾ?" ಬಟ್ಟೆಯ ಗಂಟು ಬಿಗಿ ಮಾಡಿಕೊಂಡು ಹೊರಟುಹೋದಳು. ಚಿಕ್ಕ ಡಾಕ್ಟರನ್ನು ಹುಡುಕಿದೆ. ಅವರಿಗೆ ಅವತ್ತು ರಜೆ.

ಹಳೇ ದಾಖಲೆ ಕೋಣೆ ನೆಲಮಾಳಿಗೆಯಲ್ಲಿದೆ, ನೀರಿನ ಪಂಪಿನ ಪಕ್ಕ. ಚಿಕ್ಕಮ್ಮ ಸ್ಟೂಲಿನ ಮೇಲೆ ನಿಂತು ಕಡತಗಳ ಧೂಳು ಒರೆಸುತ್ತಿದ್ದಳು. ಒರೆಸಿದವನ್ನೆಲ್ಲ ಮೂರು ಸಾಲು, ಸಾಲಿಗೆ ನಾಲ್ಕು ಕಟ್ಟು ಮಾಡಿ ಜೋಡಿಸಿದ್ದಳು. ಅದನ್ನು ನೋಡಿದ್ದೇ ನನಗೆ ತಡೆಯಲಾಗಲಿಲ್ಲ.

"ಆ ಚೀಟಿ ಬರೆದದ್ದು ನಾನು ಚಿಕ್ಕಮ್ಮ."

"ಗೊತ್ತು. ದೊಡ್ಡ ಡಾಕ್ಟ್ರು ನನಗೆ ತೋರಿಸಿದ್ರು." ಸ್ಟೂಲಿನಿಂದ ಇಳಿದಳು. "ಅಕ್ಷರ ತಿದ್ದಿಸಿದ್ದು ನಾನಲ್ವಾ? ಇನ್ನೂ ಗೆರೆ ಬಿಟ್ಟು ಮೇಲಕ್ಕೆ ಹೋಗ್ತೀಯ."

"ಬೈಯಿ ನನ್ನ."

"ಬೈದು? ಗುಬ್ಬಿ ಎಷ್ಟು ಇವತ್ತು?"

"ನೂರಾ ಹತ್ತು."

ಅವಳು ಕಣ್ಣು ಮುಚ್ಚಿಕೊಂಡಳು. ಆಮೇಲೆ ಕೈಚೀಲದಿಂದ ಆ ಹಳೆಯ ನೋಟ್‌ಬುಕ್ ತೆಗೆದು, ಅದರೊಳಗೆ ನಾಲ್ಕಾಗಿ ಮಡಚಿದ್ದ ಹಾಳೆಯೊಂದನ್ನು ನನ್ನ ಮುಂದೆ ಬಿಡಿಸಿದಳು. ಮಡಿಕೆಗಳಲ್ಲಿ ಹರಿದು ಬಂದ ಹಳೇ ಪ್ರಿಂಟು. ಹನ್ನೆರಡು ಚೌಕ, ಎಲ್ಲದರಲ್ಲೂ ಏರುವ ಗೆರೆ. ಏಳನೆಯದರ ಮೇಲೆ ಬೆರಳಿಟ್ಟಳು.

"ಯಂತ್ರ ಬಂದ ಮರುವರ್ಷ. ಕೈಯಲ್ಲಿ ಬರೆಯುವಾಗ ಗ್ರಾಫ್ ಹಾಳೆ ಮೇಲೆ ಅಳತೆ ಅಚ್ಚಾಗೇ ಇರ್ತಿತ್ತು. ಅದನ್ನ ಹೇಳಬೇಕಾದ ಪ್ರಮೇಯ ಯಾವತ್ತೂ ಬಂದಿರಲಿಲ್ಲ. ಯಂತ್ರಕ್ಕೆ ನಾವು ಹೇಳದೇ ಇದ್ರೆ ಅದು ಪ್ರತಿ ಚೌಕಕ್ಕೂ ತನಗೆ ತೋಚಿದ ಅಳತೆ ಇಟ್ಟುಕೊಳ್ಳುತ್ತೆ. ಕಡಿಮೆ ತೂಕ ನೆಲಕ್ಕೆ, ಜಾಸ್ತಿ ತೂಕ ಸೂರಿಗೆ. ನಾನು ಹೇಳಲಿಲ್ಲ. ಆಹಾ, ಹನ್ನೆರಡೂ ಎಷ್ಟು ಚೆನ್ನಾಗಿ ತುಂಬಿಕೊಂಡಿವೆ ಅಂತ ಖುಷಿಪಟ್ಟೆ. ಈ ಮಗು ವಾರಕ್ಕೆ ಹದಿನೈದು ಗ್ರಾಂ ಏರ್ತಿತ್ತು. ಏಳು ವಾರ. ಡಾಕ್ಟ್ರು ನೋಡಿದ್ರು, ಸಿಸ್ಟರು ನೋಡಿದ್ರು, ಅದರಮ್ಮ ನೋಡಿ ನನಗೆ ಥ್ಯಾಂಕ್ಸ್ ಅಂದ್ಲು. ಎಂಟನೇ ಗುರುವಾರ ಬರಲಿಲ್ಲ. ಮಗು ಹೋಗಿಬಿಟ್ಟಿತ್ತು."

ಪಕ್ಕದಲ್ಲಿ ಪಂಪು ಗುರುಗುಟ್ಟುತ್ತಿತ್ತು.

"ಯಾರಾದ್ರೂ ನಿನ್ನ ಕೇಳಿದ್ರಾ?"

"ಯಾರು ಕೇಳ್ತಾರೆ? ಗ್ರಾಫ್ ಸರಿಯಾಗೇ ಇತ್ತಲ್ಲ. ಒಂದು ಅಂಕಿ ತಪ್ಪಿರಲಿಲ್ಲ." ಹಾಳೆ ಮಡಚಿದಳು. "ಅವತ್ತಿಂದ ಆ ಎರಡು ಅಂಕಿ ಮೊದಲು ಬರೀತೀನಿ, ಆಮೇಲೆ ಮಿಕ್ಕಿದ್ದು. ನಿನಗೆ ಹೇಳಬೇಕಿತ್ತು. ಬಾಣಂತಿಗೆ ಇದನ್ನ ಹೇಗೆ ಹೇಳೋದು ಅಂತ ಸುಮ್ನಾದೆ."

ನಾನು ಒಂಬತ್ತನೇ ಚೌಕದ ವಿಷಯ ಹೇಳಿದೆ. ಚಿಕ್ಕಮ್ಮ ಒಂದು ಕ್ಷಣವೂ ಕಾಯಲಿಲ್ಲ. ನನ್ನನ್ನು ಗೋಡೆಯ ಹತ್ತಿರ ಕಳಿಸಿ ಹೊಸ ತಂಡದ ಹನ್ನೆರಡು ಮಕ್ಕಳ ಅಂಕಿಗಳನ್ನು ಬರೆದುಕೊಂಡು ಬರಹೇಳಿದಳು. ನಾನು ಬರುವಷ್ಟರಲ್ಲಿ ಯಾವುದೋ ಬೀರುವಿನ ತಳದಿಂದ ಹಳದಿಯಾದ ಗ್ರಾಫ್ ಹಾಳೆ ಹುಡುಕಿ ತೆಗೆದಿದ್ದಳು. ಧೂಳಿನ ಮೇಜಿನ ಮೇಲೆ, ಬಲ್ಬಿನ ಕೆಳಗೆ, ಪೆನ್ಸಿಲು ಅಳತೆಪಟ್ಟಿ ಹಿಡಿದು ಹನ್ನೆರಡು ಚೌಕ ಹಾಕಿದಳು. ಎಡಗಡೆ ಸಾವಿರ, ಐದು ಸಾವಿರ. ನಾನು ಅಂಕಿ ಓದಿದೆ, ಅವಳು ಚುಕ್ಕಿ ಇಟ್ಟಳು. ಒಂಬತ್ತನೆಯದಕ್ಕೆ ಬಂದಾಗ ನಾಲ್ಕು ಚುಕ್ಕಿಗಳೂ ಒಂದೇ ಮಟ್ಟದಲ್ಲಿ ಬಿದ್ದವು. ಗೆರೆ ಎಳೆಯುವ ಮೊದಲೇ ಇಬ್ಬರಿಗೂ ಕಂಡಿತ್ತು.

ಮರುದಿನ ಬೆಳಿಗ್ಗೆ ಆ ಹಾಳೆಯನ್ನು ಚಿಕ್ಕ ಡಾಕ್ಟರ ಕೈಗೆ ನಾನೇ ಕೊಟ್ಟೆ. ಅವರು ನೋಡಿದ ತಕ್ಷಣ ಸಿಸ್ಟರನ್ನು ಕರೆದು ಆ ತಾಯಿಗೆ ಫೋನ್ ಮಾಡಿಸಿದರು. ಫೋನ್ ಆಫ್ ಆಗಿತ್ತು. ಸಂಜೆಯೂ ಆಫ್. ಸೋಮವಾರ ಆರೋಗ್ಯ ಕಾರ್ಯಕರ್ತೆಯನ್ನು ವಿಳಾಸಕ್ಕೆ ಕಳಿಸಿದರು. ಬಾಡಿಗೆ ಕೋಣೆಗೆ ಬೀಗ. ಮಗು ಚೆನ್ನಾಗಿ ಬೆಳೆಯುತ್ತಿದೆ, ಇನ್ನು ಪ್ರತಿ ವಾರ ಆಸ್ಪತ್ರೆಗೆ ಓಡಾಡುವ ಕಷ್ಟವಿಲ್ಲ ಎಂದು ಗಂಡ ಕೆಲಸ ಮಾಡುವ ಊರಿಗೆ ಹೊರಟುಹೋದಳು ಎಂದರಂತೆ ಪಕ್ಕದ ಮನೆಯವರು. ಯಾವ ಊರು ಎಂದು ಅವರಿಗೆ ಗೊತ್ತಿಲ್ಲ. ಹೋಗುವ ಮುಂಚೆ ಫೋನಿನಲ್ಲಿದ್ದ ಗ್ರಾಫಿನ ಚಿತ್ರ ತೋರಿಸಿ ಹೋದಳಂತೆ.

ಗುಬ್ಬಿಯನ್ನು ಮನೆಗೆ ಕಳಿಸಿದ್ದಾರೆ. ಶಸ್ತ್ರಚಿಕಿತ್ಸೆಗೆ ನಾಲ್ಕು ಕೆ.ಜಿ. ಆಗಬೇಕು. ಗುರುವಾರ ಗುರುವಾರ ಬರುತ್ತೇವೆ. ತೂಕ ಆದ ಮೇಲೆ ನಾನು ಗೋಡೆಯ ಅಂಕಿಗಳನ್ನೆಲ್ಲ ಬರೆದುಕೊಂಡು ನೆಲಮಾಳಿಗೆಗೆ ಹೋಗುತ್ತೇನೆ. ಚಿಕ್ಕಮ್ಮ ತನ್ನ ಊಟದ ಹೊತ್ತಿನಲ್ಲಿ ಹಾಳೆ ಬರೆಯುತ್ತಾಳೆ, ನಾನು ಅದನ್ನು ಚಿಕ್ಕ ಡಾಕ್ಟರಿಗೆ ಮುಟ್ಟಿಸುತ್ತೇನೆ. ಅವಳ ನಿವೃತ್ತಿಗಿನ್ನು ನಾಲ್ಕು ತಿಂಗಳಿದೆ. ಚಿಕ್ಕ ಡಾಕ್ಟರಿಗೆ ವರ್ಗವಾಗುವ ಸುದ್ದಿಯಿದೆ. ಆಮೇಲಿನದನ್ನು ಯೋಚಿಸಿದರೆ ನನಗೆ ಅನ್ನ ಇಳಿಯುವುದಿಲ್ಲ.

ಚಿಕ್ಕಮ್ಮನ ಹಾಳೆಗಳಲ್ಲಿ ಒಂಬತ್ತನೇ ಚೌಕ ಈಗಲೂ ಇದೆ. ನಾಲ್ಕು ಚುಕ್ಕಿಯ ನಂತರ ಖಾಲಿ. "ಆ ಜಾಗ ಬೇರೆ ಮಗುಗೆ ಕೊಡಬಹುದಲ್ಲ?" ಎಂದು ಒಮ್ಮೆ ಕೇಳಿದೆ. ಅವಳು ತಲೆಯಾಡಿಸಿ ಚೌಕದ ನಾಲ್ಕು ಅಂಚನ್ನೂ ಎಂದಿನ ಹಾಗೆ ಎಳೆದಳು.

ಮೇಲಿನ ಗೋಡೆಯ ಮೇಲೂ ಅದನ್ನು ತೆಗೆದಿಲ್ಲ. ಉಳಿದ ಹನ್ನೊಂದು ಗೆರೆಗಳು ವಾರವಾರವೂ ಉದ್ದವಾಗುತ್ತಿವೆ. ಕಿತ್ತಳೆ ಬಣ್ಣದ್ದು ಮಾತ್ರ ನಾಲ್ಕನೇ ವಾರಕ್ಕೆ ನಿಂತಿದೆ, ಸರ್ರನೆ ಹತ್ತಿ ಹೋಗಿ ಚೌಕದ ಮೇಲಂಚಿಗೆ ತಾಗಿಕೊಂಡು. ಹೊಸದಾಗಿ ಬಂದ ತಾಯಂದಿರು ಅದನ್ನು ತಮ್ಮವರಿಗೆ ತೋರಿಸುತ್ತಾರೆ. ನಾನು ಎದುರಿನ ಬೆಂಚಿನಲ್ಲಿ ಗುಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಕಡೆ ನೋಡುತ್ತಾ ಕೂತಿರುತ್ತೇನೆ. ಎದೆಗೆ ಬಟ್ಟೆ ಕಟ್ಟಿಕೊಂಡ ಯಾರೇ ಒಳಗೆ ಬಂದರೂ ಅರ್ಧ ಎದ್ದು ನಿಲ್ಲುತ್ತೇನೆ.